ಹೊಸ ಸಿಸ್ಟಮ್‌ನಲ್ಲಿ ಹಳೇ ಪೇಜ್‌ಮೇಕರ್

ಹರಿಹರದ ಕಡೆಯ ಭಾನುವಳ್ಳಿಯಲ್ಲಿ ಜಾತ್ರೆ ಇರಲಿ, ಗೃಹಪ್ರವೇಶ ಇರಲಿ, ಸಂಘದ ವಾರ್ಷಿಕೋತ್ಸವ ಇರಲಿ, ಕರಪತ್ರದ ಮ್ಯಾಟರ್ ಈಗ ಹುಟ್ಟುವುದು ಮೊಬೈಲಿನಲ್ಲಿ. ಊರಿನ ಹುಡುಗರಲ್ಲಿ ಯಾರೋ ಒಬ್ಬರು ಹೆಬ್ಬೆರಳಲ್ಲೇ ಟೈಪ್ ಮಾಡಿ, ದಾನಿಗಳ ಹೆಸರನ್ನು ಯಾರಿಗೂ ಬೇಜಾರಾಗದ ಹಾಗೆ ಹಿಂದೆ ಮುಂದೆ ಮಾಡಿ, ಹರಿಹರಕ್ಕೋ ದಾವಣಗೆರೆಗೋ ವಾಟ್ಸ್‌ಆ್ಯಪ್ ಮಾಡುತ್ತಾರೆ. ಅಲ್ಲಿ ಡಿಟಿಪಿ ಅಂಗಡಿಯ ಆಪರೇಟರ್ ಅದನ್ನು ಕಾಪಿ ಮಾಡಿ ನೇರವಾಗಿ ಪುಟ ವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್‌ಗೆ ಹಾಕಿದರೆ ಬರುವುದು ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ. ಮೊಬೈಲಿನ ಕನ್ನಡವೇ ಬೇರೆ, ಪೇಜ್‌ಮೇಕರ್‌ನ ಕನ್ನಡವೇ ಬೇರೆ. ಆಪರೇಟರ್‌ಗೆ ಇದು ಹೊಸದೇನಲ್ಲ. ಪರಿವರ್ತಕದಲ್ಲಿ ಹಾಕಿ ತಿರುಗಿಸಿ, ಮತ್ತೆ ಪೇಸ್ಟ್ ಮಾಡಿ, ಬಂದವರು ಟೀ ಮುಗಿಸುವಷ್ಟರಲ್ಲಿ ಪ್ರೂಫ್ ಕೈಗಿಡುತ್ತಾರೆ.

ಫಜೀತಿ ಶುರುವಾಗುವುದು ಆ ಅಂಗಡಿಯ ಸಿಸ್ಟಮ್ ಕೈಕೊಟ್ಟ ದಿನ. ಹಳೇ ಸಿಪಿಯು ಸತ್ತು ಹೊಸದು ಬಂದರೆ ಅದರ ಜೊತೆ ವಿಂಡೋಸ್ 11 ಬರುತ್ತದೆ. ಸಿಪಿಯು ಗಟ್ಟಿಯಾಗಿಯೇ ಇದ್ದರೂ ನೆಮ್ಮದಿಯಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಉಚಿತ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ. ಹೊಸ ಸಿಸ್ಟಮ್‌ಗೆ ಪೇಜ್‌ಮೇಕರ್, ಕನ್ನಡ ಟೈಪಿಂಗಿನ ನುಡಿ ಎಲ್ಲ ಹಾಕಿಸಿ ಕೂತ ಮೇಲೆ ಕೇಳಿಬರುವ ಮಾತು ಎಲ್ಲ ಕಡೆ ಒಂದೇ: ‘ನುಡಿ ಬರ್ತಿಲ್ಲಣ್ಣ, ಪೇಜ್‌ಮೇಕರ್ ಓಪನ್ನೇ ಆಗ್ತಿಲ್ಲ. ಹಳೇ ವಿಂಡೋಸ್ಸೇ ಹಾಕ್ಕೊಡಿ.’

ಹಳೇ ವಿಂಡೋಸ್ಸೇ ಹಾಕಿಕೊಡಿ ಎನ್ನುವುದು ಪರಿಹಾರವಲ್ಲ, ಮುಂದೂಡಿಕೆ. ಆದರೆ ಆ ಮಾತನ್ನು ಆಡುವವರನ್ನು ದಡ್ಡರೆಂದು ನಗುವ ಕಂಪ್ಯೂಟರ್ ಪಂಡಿತರ ಜೊತೆಗೂ ನಾನಿಲ್ಲ. ಒಬ್ಬ ಡಿಟಿಪಿ ಆಪರೇಟರ್‌ನ ಹೊಟ್ಟೆಪಾಡು ಇಪ್ಪತ್ತು ವರ್ಷದಿಂದ ಆ ಒಂದು ತಂತ್ರಾಂಶದ ಮೇಲೆ ನಿಂತಿದೆ. ಆ ತಂತ್ರಾಂಶ ಯಾಕೆ ಓಡದೆ ನಿಂತಿತು ಎಂದು ಬಿಡಿಸಿ ಹೇಳುವ ಕೆಲಸವನ್ನು ಸಾಮಾನ್ಯವಾಗಿ ಯಾರೂ ಮಾಡುವುದಿಲ್ಲ. ಈ ಲೇಖನ ಅದಕ್ಕಾಗಿ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ತಂತ್ರಾಂಶವನ್ನು ಓಡಿಸುವುದು ಒಂದು ಕೆಲಸ, ಅದರೊಳಗೆ ಸಿಕ್ಕಿಕೊಂಡಿರುವ ಮ್ಯಾಟರನ್ನು ಉಳಿಸಿಕೊಳ್ಳುವುದು ಇನ್ನೊಂದು ಕೆಲಸ. ನಾವು ಮೊದಲನೆಯದಕ್ಕೆ ಒದ್ದಾಡಿ ಎರಡನೆಯದನ್ನು ಮರೆಯುತ್ತೇವೆ.

ಪೇಜ್‌ಮೇಕರ್ ಹುಟ್ಟಿದ್ದು 1985ರಲ್ಲಿ, ಆಲ್ಡಸ್ ಎಂಬ ಅಮೆರಿಕದ ಕಂಪನಿಯಿಂದ. ಡೆಸ್ಕ್‌ಟಾಪ್ ಪಬ್ಲಿಷಿಂಗ್ ಎಂಬ ಉದ್ಯೋಗವೇ ಅದರ ಬೆನ್ನಿಗೆ ಹುಟ್ಟಿತು. 1994ರಲ್ಲಿ ಆಲ್ಡಸ್ಸನ್ನು ಅಡೋಬಿ ಕೊಂಡಿತು. 2001ರಲ್ಲಿ ಬಂದ 7.0 ಆವೃತ್ತಿಯೇ ಕೊನೆಯದು. 2004ರ ಹೊತ್ತಿಗೆ ಅಭಿವೃದ್ಧಿಯನ್ನೂ ನಿಲ್ಲಿಸಿ, ಇನ್ನು ಇನ್‌ಡಿಸೈನ್ ಬಳಸಿ ಎಂದರು. ಅಂದರೆ ನಮ್ಮ ಊರುಗಳ ಲಗ್ನಪತ್ರಿಕೆ, ಬಿಲ್ ಪುಸ್ತಕ, ಶಾಲೆಯ ಪ್ರಶ್ನೆಪತ್ರಿಕೆ, ಮಠಗಳ ಸ್ಮರಣ ಸಂಚಿಕೆಗಳನ್ನು ಮಾಡಿಕೊಟ್ಟ ತಂತ್ರಾಂಶ ವಿಂಡೋಸ್ ಎಕ್ಸ್‌ಪಿಯ ಓರಗೆಯದು. ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ.

ಪೇಜ್‌ಮೇಕರ್‌ಗೆ ಕನ್ನಡ ಗೊತ್ತಿರಲಿಲ್ಲ. ಅದಕ್ಕೆ ಕನ್ನಡ ಕಲಿಸಿದ್ದು ಮೇಲಿಂದ ಕೂರಿಸಿದ ಲಿಪಿ ತಂತ್ರಾಂಶಗಳು. ಪುಣೆಯ ಮಾಡ್ಯುಲರ್ ಇನ್ಫೊಟೆಕ್‌ನ ಶ್ರೀಲಿಪಿ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ, ಕನ್ನಡ ಗಣಕ ಪರಿಷತ್ತು ರೂಪಿಸಿ ರಾಜ್ಯ ಸರ್ಕಾರ ಕಚೇರಿಗಳಲ್ಲಿ ಬಳಕೆಗೆ ತಂದ ನುಡಿ. ನುಡಿಗೂ ಮೊದಲು ಕೆ.ಪಿ. ರಾಯರು ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ತಂತ್ರಾಂಶ ಮಾಡಿ ಪುಕ್ಕಟೆ ಹಂಚಿದ್ದರು. ಇವತ್ತು ನುಡಿಯಲ್ಲಿ ನಾವು ಕುಟ್ಟುವ ಕೀಲಿಮಣೆ ವಿನ್ಯಾಸ ಅವರದೇ.

ಈಗ, ನಿಂತುಹೋಗುವುದು ಯಾಕೆ?

ಕಾರಣ ಒಂದೇ ಅಲ್ಲ. ‘ಓಪನ್ ಆಗ್ತಿಲ್ಲ’ ಎನ್ನುವ ಒಂದು ದೂರಿನ ಹಿಂದೆ ನಾಲ್ಕೈದು ಬೇರೆ ಬೇರೆ ರೋಗಗಳಿರುತ್ತವೆ. ಎಲ್ಲಿ ನಿಂತಿತು ಎಂದು ನೋಡದೆ ಸಿಕ್ಕಿದ್ದೆಲ್ಲ ಮಾಡಿದರೆ ಸಿಸ್ಟಮ್ ಇನ್ನಷ್ಟು ಕೆಡುತ್ತದೆ. ಪರದೆಯ ಮೇಲೆ ಬಂದ ಸಂದೇಶವನ್ನು ಓದದೆ ಓಕೆ ಒತ್ತುವ ಚಾಳಿ ನಮ್ಮಲ್ಲಿ ಬಹಳ. ಆ ಸಂದೇಶದ ಒಂದು ಫೋಟೊ ಹೊಡೆದಿಟ್ಟುಕೊಂಡರೆ ಅರ್ಧ ಚಿಕಿತ್ಸೆ ಮುಗಿದಂತೆ.

ಇನ್‌ಸ್ಟಾಲ್ ಮಾಡಲು ಹೋದಾಗಲೇ ‘ಈ ಆ್ಯಪ್ ನಿಮ್ಮ ಪಿಸಿಯಲ್ಲಿ ನಡೆಯುವುದಿಲ್ಲ’ ಎಂಬ ಅರ್ಥದ ಸಂದೇಶ ಬಂದರೆ, ಬಹುಮಟ್ಟಿಗೆ ಅದು 16 ಬಿಟ್‌ನ ಕಾಲದ್ದು. ಡಾಸ್ ಮತ್ತು ವಿಂಡೋಸ್ 3.1ರ ಕಾಲದ ತಂತ್ರಾಂಶಗಳು 16 ಬಿಟ್. ವಿಂಡೋಸ್ 95ರಿಂದ ಮುಂದಿನವು ಹೆಚ್ಚಾಗಿ 32 ಬಿಟ್. ಈಗಿನ ವಿಂಡೋಸ್ 64 ಬಿಟ್. 64 ಬಿಟ್ ವಿಂಡೋಸ್ 32 ಬಿಟ್‌ನದನ್ನು ಸಾಕಿಕೊಳ್ಳುತ್ತದೆ, 16 ಬಿಟ್‌ನದನ್ನು ಹೊಸಿಲೇ ದಾಟಗೊಡುವುದಿಲ್ಲ. ವಿಂಡೋಸ್ 10ರ 32 ಬಿಟ್ ಆವೃತ್ತಿಯಲ್ಲಾದರೂ ಹಿಂಬಾಗಿಲು ಇತ್ತು. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಇನ್ನೂ ಒಂದು ತಮಾಷೆಯಿದೆ. ತಂತ್ರಾಂಶ 32 ಬಿಟ್ ಇದ್ದು, ಅದನ್ನು ಸಿಡಿಯಿಂದ ಇಳಿಸುವ ಸೆಟಪ್ ಮಾತ್ರ 16 ಬಿಟ್ ಇರುವುದುಂಟು. ಒಳಗಿರುವವನು ಗಟ್ಟಿಗ, ಬಾಗಿಲು ತೆಗೆಯುವವನು ಸತ್ತಿದ್ದಾನೆ. ಅಂಥ ಕಡೆ ಹಳೇ ಸಿಸ್ಟಮ್‌ನಲ್ಲಿ ಇನ್‌ಸ್ಟಾಲ್ ಆಗಿರುವ ಫೋಲ್ಡರನ್ನೇ ಎತ್ತಿಕೊಂಡು ಬಂದರೆ ಕೆಲವು ಸಣ್ಣ ತಂತ್ರಾಂಶಗಳು ನಡೆದುಬಿಡುತ್ತವೆ.

ಈ ರೋಗ ಡಿಟಿಪಿಯವರಿಗೆ ಮಾತ್ರವಲ್ಲ. ದಾವಣಗೆರೆ ಎಂಜಿನಿಯರಿಂಗ್ ಹುಡುಗರ ಊರು. 1951ರ ಯುಬಿಡಿಟಿ, 1979ರ ಬಿಐಇಟಿ ಕಾಲೇಜುಗಳು ಇಲ್ಲಿವೆ. ರಾಜ್ಯದ ಡಿಪ್ಲೊಮಾ, ಎಂಜಿನಿಯರಿಂಗ್ ಲ್ಯಾಬುಗಳಲ್ಲಿ ಒಂದು ತಲೆಮಾರು ಪೂರ್ತಿ ಸಿ ಭಾಷೆ ಕಲಿತದ್ದು ಬೋರ್‌ಲ್ಯಾಂಡ್ ಕಂಪನಿಯ ಟರ್ಬೊ ಸಿಯ ನೀಲಿ ಪರದೆಯಲ್ಲಿ. ಅದು ಡಾಸ್ ಕಾಲದ 16 ಬಿಟ್ ಸರಕು. ಹೊಸ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಓಡಿಸಿಕೊಂಡ ವಿದ್ಯಾರ್ಥಿಗಳು ತಮಗೆ ಅರಿವಿಲ್ಲದೆಯೇ ಬಳಸಿದ್ದು ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶವನ್ನು. ಅದು ಕಂಪ್ಯೂಟರಿನೊಳಗೆ ಹಳೆಯ ಡಾಸ್ ಕಂಪ್ಯೂಟರೊಂದನ್ನು ನಟಿಸುತ್ತದೆ. ಡಾಸ್ ಕಾಲದ ಲೆಕ್ಕಪತ್ರದ ಸಣ್ಣಪುಟ್ಟ ತಂತ್ರಾಂಶ ಇಟ್ಟುಕೊಂಡವರಿಗೂ ಮೊದಲ ಮದ್ದು ಇದೇ.

ಪೇಜ್‌ಮೇಕರ್ 7 ಈ ಗುಂಪಿಗೆ ಸೇರಿದ್ದಲ್ಲ. ಅದು 32 ಬಿಟ್. ಹಾಗಾಗಿ ಹೊಸ ವಿಂಡೋಸ್‌ನಲ್ಲಿ ಓಡುವುದಕ್ಕೆ ಅಡ್ಡಿಯಿರಬಾರದು, ಎಷ್ಟೋ ಅಂಗಡಿಗಳಲ್ಲಿ ಓಡುತ್ತಿದೆ ಕೂಡ. ಅದಕ್ಕೆ ತೊಂದರೆ ಕೊಡುವುದು ಅನುಮತಿಯ ವಿಷಯ. ಎಕ್ಸ್‌ಪಿಯವರೆಗೆ ಸಿಸ್ಟಮ್ ಮುಂದೆ ಕೂತವನೇ ಯಜಮಾನ. ತಂತ್ರಾಂಶಗಳು ತಮ್ಮ ಫೋಲ್ಡರಿನಲ್ಲಿ, ವಿಂಡೋಸ್‌ನ ಫೋಲ್ಡರಿನಲ್ಲಿ ಎಲ್ಲೆಂದರಲ್ಲಿ ಬರೆದುಕೊಳ್ಳುತ್ತಿದ್ದವು. 2007ರಲ್ಲಿ ಬಂದ ವಿಸ್ತಾದಿಂದ ಆಚೆಗೆ ‘ಪ್ರೋಗ್ರಾಮ್ ಫೈಲ್ಸ್’ ಒಳಗೆ ಯಾರೂ ಸುಮ್ಮನೆ ಬರೆಯುವಂತಿಲ್ಲ. ಹಳೇ ತಂತ್ರಾಂಶ ಅಭ್ಯಾಸಬಲದಿಂದ ಬರೆಯಲು ಹೋಗುತ್ತದೆ, ವಿಂಡೋಸ್ ತಡೆಯುತ್ತದೆ, ತಂತ್ರಾಂಶ ಮಾತಾಡದೆ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಎರಡು ದಾರಿ. ಪ್ರೋಗ್ರಾಮ್ ಫೈಲ್ಸ್ ಬಿಟ್ಟು ಸಿ ಡ್ರೈವ್‌ನಲ್ಲಿ ಬೇರೆಯೇ ಒಂದು ಫೋಲ್ಡರ್ ಮಾಡಿ ಅಲ್ಲಿ ಇನ್‌ಸ್ಟಾಲ್ ಮಾಡುವುದು. ಇಲ್ಲವೇ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಡುವುದು.

ಈ ಎರಡನೇ ದಾರಿ ಹಿಡಿದವರು ಒಂದು ವಿಚಿತ್ರ ತೊಂದರೆಗೆ ಸಿಕ್ಕುತ್ತಾರೆ. ಪೇಜ್‌ಮೇಕರ್ ಚೆನ್ನಾಗಿ ತೆರೆದುಕೊಂಡಿತು. ನುಡಿಯೂ ಕೆಳಗೆ ಮೂಲೆಯಲ್ಲಿ ಕೂತಿದೆ. ವರ್ಡ್‌ನಲ್ಲಿ ಕನ್ನಡ ಬರುತ್ತದೆ, ಪೇಜ್‌ಮೇಕರ್‌ನಲ್ಲಿ ಮಾತ್ರ ಕೀಲಿ ಒತ್ತಿದರೆ ಅಡ್ಡಾದಿಡ್ಡಿ ಅಕ್ಷರ. ನುಡಿ ಕೆಟ್ಟಿದೆ ಎಂದು ತೆಗೆದು ಹಾಕಿ, ಮತ್ತೆ ತೆಗೆದು ಹಾಕಿ ಸುಸ್ತಾಗುತ್ತಾರೆ. ಕೆಟ್ಟಿರುವುದು ನುಡಿಯಲ್ಲ. ನುಡಿಯ ಕೀಲಿಮಣೆ ತಂತ್ರಾಂಶ ಮಾಡುವುದೇನೆಂದರೆ, ನೀವು ಒತ್ತಿದ ಕೀಲಿಯನ್ನು ದಾರಿಯಲ್ಲೇ ಹಿಡಿದು, ಅದನ್ನು ಕನ್ನಡದ ಸಂಕೇತವಾಗಿ ಬದಲಿಸಿ ಮುಂದೆ ಕಳಿಸುವುದು. ಪೇಜ್‌ಮೇಕರ್ ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಓಡುತ್ತಿದ್ದು, ನುಡಿ ಮಾಮೂಲಿ ಬಳಕೆದಾರನಾಗಿ ಓಡುತ್ತಿದ್ದರೆ, ಮೇಲಿನವರಿಗೆ ಹೋಗುವ ಕೀಲಿಯನ್ನು ಕೆಳಗಿನವರು ಮುಟ್ಟಲು ವಿಂಡೋಸ್ ಬಿಡುವುದಿಲ್ಲ. ಪಾಸ್‌ವರ್ಡ್ ಕದಿಯುವ ಕಳ್ಳ ತಂತ್ರಾಂಶಗಳೂ ಇದೇ ವಿದ್ಯೆ ಬಳಸುತ್ತವಾದ್ದರಿಂದ ವಿಸ್ತಾದಿಂದ ಈ ಗೋಡೆ ಎದ್ದಿದೆ. ನುಡಿಯನ್ನೂ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ, ಅಥವಾ ಎರಡನ್ನೂ ಮಾಮೂಲಿಯಾಗಿ ತೆರೆಯಿರಿ; ಇಬ್ಬರೂ ಒಂದೇ ಮಟ್ಟದಲ್ಲಿದ್ದರೆ ಕನ್ನಡ ಬರುತ್ತದೆ. ಶ್ರೀಲಿಪಿ, ಬರಹಕ್ಕೂ ಇದೇ ಮಾತು. ಇಷ್ಟು ಸಣ್ಣ ವಿಷಯಕ್ಕೆ ಸಿಸ್ಟಮ್ ಫಾರ್ಮ್ಯಾಟ್ ಹೊಡೆಸಿದವರಿದ್ದಾರೆ.

ಫಾಂಟ್ ವಿಷಯದಲ್ಲೂ ಇಂಥದ್ದೇ ಒಂದು ಗುಟ್ಟು. 2018ರ ಕೊನೆಯಲ್ಲಿ ಬಂದ ವಿಂಡೋಸ್ 10ರ ಅಪ್‌ಡೇಟ್‌ನಿಂದೀಚೆಗೆ ಫಾಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಟಾಲ್’ ಕೊಟ್ಟರೆ ಅದು ಆ ಒಬ್ಬ ಬಳಕೆದಾರನ ಖಾತೆಗೆ ಮಾತ್ರ ಸೇರುತ್ತದೆ. ಹೊಸ ತಂತ್ರಾಂಶಗಳಿಗೆ ಅದು ಕಾಣುತ್ತದೆ, ಹಳೆಯವಕ್ಕೆ ಎಷ್ಟೋ ಸಲ ಕಾಣುವುದಿಲ್ಲ. ಪಕ್ಕದಲ್ಲೇ ಇರುವ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಎಂಬುದನ್ನು ಒತ್ತಬೇಕು.

ಇನ್ನು ಪ್ರಿಂಟರ್. ಪೇಜ್‌ಮೇಕರ್ ಪುಟ ಕಟ್ಟುವುದೇ ಪ್ರಿಂಟರ್‌ನ ಲೆಕ್ಕ ನೋಡಿಕೊಂಡು. ಪ್ರಿಂಟರ್ ಬದಲಾದರೆ ಪುಟವನ್ನು ಮತ್ತೆ ಹೊಂದಿಸಲೇ ಎಂದು ಕೇಳುತ್ತದೆ. ಹೂಂ ಎಂದರೆ ಸಾಲುಗಳು ಅಲ್ಲಾಡಿ, ಲಗ್ನಪತ್ರಿಕೆಯ ಕೊನೆಯ ‘ಸರ್ವರಿಗೂ ಆದರದ ಸ್ವಾಗತ’ ಮುಂದಿನ ಪುಟಕ್ಕೆ ಹಾರುತ್ತದೆ. ವಿಂಡೋಸ್ 10 ಮತ್ತು 11ರಲ್ಲಿ ಡೀಫಾಲ್ಟ್ ಪ್ರಿಂಟರನ್ನು ತಾನೇ ನಿರ್ಧರಿಸುವ ಒಂದು ಸೌಲಭ್ಯವಿದೆ. ಕೊನೆಗೆ ಯಾವುದರಲ್ಲಿ ಪ್ರಿಂಟ್ ಕೊಟ್ಟಿರೋ ಅದೇ ಡೀಫಾಲ್ಟ್ ಆಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿ, ಒಂದೇ ಪ್ರಿಂಟರನ್ನು ಕಾಯಂ ಮಾಡಿಬಿಡಬೇಕು.

ಎಲ್ಲಕ್ಕಿಂತ ಹಟಮಾರಿ ರೋಗ ‘ಲಾಕ್’. ಹಣ ಕೊಟ್ಟು ಕೊಂಡ ಲಿಪಿ ತಂತ್ರಾಂಶಗಳ ಜೊತೆ ಸಿಪಿಯು ಹಿಂದೆ ಚುಚ್ಚುವ ಪುಟ್ಟ ಲಾಕ್ ಕೊಡುತ್ತಿದ್ದರು. ಹಳೆಯವು ಪ್ರಿಂಟರ್ ಕೇಬಲ್ಲಿನ ಅಗಲ ಪೋರ್ಟಿಗೆ, ಆಮೇಲಿನವು ಯುಎಸ್‌ಬಿಗೆ. ಹೊಸ ಸಿಪಿಯುಗಳಲ್ಲಿ ಆ ಅಗಲ ಪೋರ್ಟೇ ಇಲ್ಲ. ಯುಎಸ್‌ಬಿಯಿಂದ ಅಗಲ ಪೋರ್ಟಿಗೆ ತಿರುಗಿಸುವ ಕೇಬಲ್ ತಂದರೂ ನಡೆಯುವುದಿಲ್ಲ. ಅವು ಪ್ರಿಂಟರ್‌ಗಷ್ಟೇ ಮಾಡಿದಂಥವು. ಯುಎಸ್‌ಬಿ ಲಾಕ್ ಇದ್ದರೂ ಅದರ ಡ್ರೈವರ್ ಸಹಿ ಮಾಡಿದ 64 ಬಿಟ್ ಡ್ರೈವರ್ ಆಗಿರಬೇಕು. ಇಲ್ಲಿ ಅಡ್ಮಿನಿಸ್ಟ್ರೇಟರ್, ಕಂಪ್ಯಾಟಿಬಿಲಿಟಿ ಮೋಡ್ ಯಾವುದೂ ಕೆಲಸಕ್ಕೆ ಬಾರದು. ತಂತ್ರಾಂಶ ಕೊಟ್ಟ ಕಂಪನಿಯಿಂದ ಹೊಸ ಡ್ರೈವರ್ ಅಥವಾ ಹೊಸ ಲಾಕ್ ಪಡೆಯುವುದೇ ನೇರ ದಾರಿ. ಲಾಕ್ ಮುರಿದ ಸಿಡಿ ಎಲ್ಲೋ ಸಿಗುತ್ತದೆ ಎಂದು ಅದರ ಬೆನ್ನು ಹತ್ತಬೇಡಿ. ಕಾನೂನಿನ ಮಾತು ಒತ್ತಟ್ಟಿಗಿರಲಿ, ಆ ಸಿಡಿಗಳ ಜೊತೆ ಬರುವ ವೈರಸ್ಸು ಇಡೀ ಅಂಗಡಿಯ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿದರೆ ಆಗ ಏನು ಮಾಡುತ್ತೀರಿ?

ಕಂಪ್ಯಾಟಿಬಿಲಿಟಿ ಮೋಡ್ ಎಂದೆನಲ್ಲ. ಐಕಾನ್‌ನ ಪ್ರಾಪರ್ಟೀಸ್‌ನಲ್ಲಿ ಸಿಗುವ ಆ ಆಯ್ಕೆ ಮಾಡುವುದು ಒಂದು ಒಳ್ಳೆಯ ಸುಳ್ಳಿನ ಕೆಲಸ. ತಂತ್ರಾಂಶ ‘ನೀನು ಯಾವ ವಿಂಡೋಸ್?’ ಎಂದು ಕೇಳಿದಾಗ ವಿಂಡೋಸ್ 11 ‘ನಾನು ಎಕ್ಸ್‌ಪಿ’ ಎನ್ನುತ್ತದೆ, ಜೊತೆಗೆ ಎಕ್ಸ್‌ಪಿಯ ಕೆಲವು ಹಳೇ ನಡವಳಿಕೆಗಳನ್ನೂ ನಟಿಸುತ್ತದೆ. ಆವೃತ್ತಿ ನೋಡಿ ಹೆದರುವ ತಂತ್ರಾಂಶಕ್ಕೆ ಇಷ್ಟು ಸಾಕು. ಸತ್ತ ಡ್ರೈವರ್‌ಗೆ, 16 ಬಿಟ್‌ಗೆ ಈ ಸುಳ್ಳು ನಾಟುವುದಿಲ್ಲ.

ಮೈಕ್ರೋಸಾಫ್ಟ್ ಈ ವಿಷಯದಲ್ಲಿ ಪಟ್ಟ ಪಾಡನ್ನೂ ಹೇಳಬೇಕು. ಸಿಮ್‌ಸಿಟಿ ಎಂಬ ಆಟದಲ್ಲಿ ಒಂದು ದೋಷವಿತ್ತು. ಬಿಟ್ಟುಕೊಟ್ಟ ಮೆಮೊರಿಯನ್ನೇ ಅದು ಮತ್ತೆ ಓದುತ್ತಿತ್ತು. ಡಾಸ್‌ನಲ್ಲಿ ಹೇಗೋ ನಡೆದುಹೋಗುತ್ತಿತ್ತು, ವಿಂಡೋಸ್ 95ರಲ್ಲಿ ಕುಸಿಯುತ್ತಿತ್ತು. ತಪ್ಪು ಆಟದ್ದು. ಆದರೂ ವಿಂಡೋಸ್ ತಂಡದವರು ‘ಓಡುತ್ತಿರುವುದು ಸಿಮ್‌ಸಿಟಿಯೇ?’ ಎಂದು ನೋಡಿ, ಹೌದಾದರೆ ಮೆಮೊರಿಯನ್ನು ಬೇರೆ ರೀತಿ ಹಂಚುವ ವ್ಯವಸ್ಥೆಯನ್ನು ವಿಂಡೋಸ್‌ಗೇ ಸೇರಿಸಿದರು. ತಂತ್ರಾಂಶ ಲೇಖಕ ಜೋಯೆಲ್ ಸ್ಪೋಲ್‌ಸ್ಕಿ 2004ರ ಒಂದು ಪ್ರಬಂಧದಲ್ಲಿ ಈ ಕತೆ ಹೇಳಿದ್ದಾರೆ. ಆಪಲ್ ಅಷ್ಟು ಮೃದುವಲ್ಲ. 2019ರ ತನ್ನ ಮ್ಯಾಕ್‌ಒಎಸ್ ಕ್ಯಾಟಲಿನಾದಲ್ಲಿ 32 ಬಿಟ್ ತಂತ್ರಾಂಶಗಳನ್ನೆಲ್ಲ ಒಂದೇ ಏಟಿಗೆ ಹೊರಹಾಕಿತು. ಅಮೆರಿಕದ ಆಟಕ್ಕೆ ಸಿಕ್ಕ ಆ ಕಾಳಜಿ ಕನ್ನಡದ ಲಿಪಿ ತಂತ್ರಾಂಶಗಳಿಗೆ ಸಿಗಲಿಲ್ಲ ಎಂದು ಗೊಣಗಬಹುದು. ನಮ್ಮಲ್ಲಿ ಆ ಕೆಲಸವನ್ನು ಅಂಗಡಿಯ ಆಪರೇಟರ್‌ಗಳೇ ಮಾಡಿದ್ದಾರೆ, ಒಬ್ಬರಿಂದ ಒಬ್ಬರಿಗೆ ಬಾಯಿಮಾತಿನಲ್ಲಿ.

ಚಾವಣಗೆರೆಯ ಕತೆ

ತಂತ್ರಾಂಶ ಓಡಿತು ಎಂದಿಟ್ಟುಕೊಳ್ಳಿ. ಅಷ್ಟಕ್ಕೇ ಮುಗಿಯಲಿಲ್ಲ.

ಹಳೇ ಫೈಲಿನ ಮ್ಯಾಟರನ್ನು ವರ್ಡ್‌ಗೆ ತಂದು ತಿದ್ದುವಾಗ, ವಾಕ್ಯದ ಮೊದಲಿಗೆ ‘ದಾವಣಗೆರೆ’ ಎಂದು ಹೊಡೆದರೆ ಅದು ಕಣ್ಣೆದುರೇ ‘ಚಾವಣಗೆರೆ’ ಆಗುವುದುಂಟು. ದೆವ್ವ ಅಲ್ಲ. ನುಡಿಯ ಹಳೇ ಫಾಂಟಿನಲ್ಲಿ ಕನ್ನಡ ಅಕ್ಷರಗಳು ಕೂತಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ. ಆ ಕಾಲದ ಫಾಂಟಿಗೆ ಇದ್ದ ಮನೆಗಳೇ 256. ಅದರಲ್ಲಿ ಕನ್ನಡದ ಮೂಲಾಕ್ಷರ, ತಲೆಕಟ್ಟು, ಇಳಿ, ಗುಡಿಸು, ಒತ್ತಕ್ಷರ ಎಲ್ಲವನ್ನೂ ತುಂಡು ತುಂಡಾಗಿ ತುಂಬಿದರು. ದ ಅಕ್ಷರದ ದೇಹ ಸಿಕ್ಕಿದ್ದು ಇಂಗ್ಲಿಷಿನ ಸಣ್ಣ ಝಡ್ ಜಾಗಕ್ಕೆ, ಚ ಅಕ್ಷರದ್ದು ದೊಡ್ಡ ಝಡ್ ಜಾಗಕ್ಕೆ. ವರ್ಡ್‌ನ ಆಟೊ ಕರೆಕ್ಟ್ ‘ಇದು ಇಂಗ್ಲಿಷ್ ವಾಕ್ಯ, ಮೊದಲಕ್ಷರ ದೊಡ್ಡದಿರಬೇಕು’ ಎಂದು ಸಣ್ಣದನ್ನು ದೊಡ್ಡದು ಮಾಡುತ್ತದೆ. ದ ಹೋಗಿ ಚ ಬರುತ್ತದೆ. ಆಟೊ ಕರೆಕ್ಟ್ ಆಫ್ ಮಾಡಿದರೆ ಊರು ಮರಳಿ ಸಿಗುತ್ತದೆ.

‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ನುಡಿಯ ಹಳೇ ಫಾಂಟ್ ತೆಗೆದುಬಿಟ್ಟರೆ ಅಲ್ಲಿ ಉಳಿಯುವುದು ಹೀಗೆ: ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೆರೆಯ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಮತ್ತೆ ಅದೇ ಎ. ಏಳು ಚೂರು. ಕಂಪ್ಯೂಟರಿಗೆ ಅಲ್ಲಿ ಕನ್ನಡವಿದೆ ಎಂಬುದೇ ಗೊತ್ತಿಲ್ಲ. ಬರಹ, ಶ್ರೀಲಿಪಿ, ನುಡಿ ಎಂದು ತಂತ್ರಾಂಶ ಬದಲಾದರೆ ಈ ಹಂಚಿಕೆಯೂ ಬದಲಾಗಬಹುದು. ಆದ್ದರಿಂದಲೇ ಒಬ್ಬರ ಫೈಲು ಇನ್ನೊಬ್ಬರಲ್ಲಿ ತೆರೆಯುತ್ತಿರಲಿಲ್ಲ.

ಮೊಬೈಲುಗಳು ಬಳಸುವ ಸಂಕೇತ ಪದ್ಧತಿಯಾದ ಯೂನಿಕೋಡ್ ಹಾಗಲ್ಲ. 1991ರಲ್ಲಿ ಬಂದ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆಂದು ಬೇರೆ ಸಾಲಿನಲ್ಲಿ 128 ಮನೆ ಮೀಸಲಾದವು. ಅದರಲ್ಲಿ ‘ಕನ್ನಡ’ ಎಂದರೆ ಕ, ನ, ವಿರಾಮ, ನ, ಡ, ಐದೇ. ಕ ಎಂದರೆ ಯಾವ ಫಾಂಟಿನಲ್ಲೂ, ಯಾವ ಫೋನಿನಲ್ಲೂ ಕ. ವಿಂಡೋಸ್ ಎಕ್ಸ್‌ಪಿಯ ಜೊತೆಗೇ ‘ತುಂಗಾ’ ಎಂಬ ಕನ್ನಡ ಯೂನಿಕೋಡ್ ಫಾಂಟ್ ಬಂದಿತ್ತು. ಪೇಜ್‌ಮೇಕರ್ ಕೊನೆಯ ಆವೃತ್ತಿ ಬಂದ ವರ್ಷವೂ ಎಕ್ಸ್‌ಪಿ ಬಂದ ವರ್ಷವೂ ಒಂದೇ, 2001. ಪೇಜ್‌ಮೇಕರ್‌ಗೆ ಮಾತ್ರ ಯೂನಿಕೋಡ್ ಕೊನೆಗೂ ಬರಲಿಲ್ಲ.

ರಾಜ್ಯ ಸರ್ಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿದ್ದು 2012ರಲ್ಲಿ, ಕೆ. ಚಿದಾನಂದ ಗೌಡರ ಅಧ್ಯಕ್ಷತೆಯ ಸಮಿತಿ ಕೆಲಸ ಮಾಡಿದ ಮೇಲೆ. ಅವರು ಹಿಂದೆ ಕುವೆಂಪು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಸರ್ಕಾರ ಹತ್ತು ವರ್ಷ ಮೊದಲೇ ಇದನ್ನು ಮಾಡಿದ್ದರೆ ಇವತ್ತಿನ ಅರ್ಧ ರಗಳೆ ಇರುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಆದೇಶ ಬಂದ ಹೊತ್ತಿಗೆ ಹಳೇ ಸಂಕೇತಗಳಲ್ಲಿ ಕಟ್ಟಿದ ಫೈಲುಗಳು ಅಂಗಡಿ ಅಂಗಡಿಯಲ್ಲೂ, ಕಚೇರಿ ಕಚೇರಿಯಲ್ಲೂ ರಾಶಿ ಬಿದ್ದಿದ್ದವು.

ಹಳೆಯದನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ನುಡಿಯಲ್ಲೂ ಇವೆ, ಬರಹದಲ್ಲೂ ಇವೆ. ಅರವಿಂದ ವಿ.ಕೆ. ಅವರು ಮಾಡಿ ಎಲ್ಲರಿಗೂ ಮುಕ್ತವಾಗಿ ಕೊಟ್ಟಿರುವ ಪರಿವರ್ತಕವೂ ಇದೆ. ಆದರೆ ತಿರುಗಿಸಿದ್ದನ್ನು ಓದದೆ ಅಚ್ಚಿಗೆ ಕೊಡಬೇಡಿ. ಕಣ್ಣಿಡಬೇಕಾದ ಜಾಗ ಅರ್ಕಾವತ್ತು. ಹಳೇ ಫಾಂಟಿನಲ್ಲಿ ‘ಸೂರ್ಯ’ದ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಯ ಆದ ಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ರ ಮೊದಲು. ಪರಿವರ್ತಕ ಅದನ್ನು ಹಿಂದಕ್ಕೆ ಎಳೆದು ಕೂರಿಸಬೇಕು. ಒತ್ತಕ್ಷರ, ದೀರ್ಘ ಎಲ್ಲ ಒಟ್ಟಿಗೆ ಬಂದ ಕಡೆ ಎಡವುತ್ತದೆ. ಮಧ್ಯೆ ಇಂಗ್ಲಿಷ್ ಪದಗಳಿದ್ದರೆ ಅವನ್ನೂ ಕನ್ನಡವೆಂದೇ ತಿಳಿದು ಏನೇನೋ ಮಾಡಿಬಿಡುತ್ತದೆ. ಫೋನ್ ನಂಬರ್, ಬ್ಯಾಂಕ್ ಖಾತೆ ನಂಬರ್, ದೇಣಿಗೆಯ ಮೊತ್ತ ಇದ್ದ ಕಡೆ ಮೂಲದ ಜೊತೆ ಇಟ್ಟು ನೋಡಲೇಬೇಕು.

ಹಳೇ ಪೆಟ್ಟಿಗೆಯನ್ನು ಎಸೆಯಬೇಡಿ

ಎಲ್ಲ ಪ್ರಯತ್ನ ಮಾಡಿಯೂ ಓಡದಿದ್ದರೆ? ವರ್ಚುವಲ್ ಮಷೀನ್ ಎಂಬುದಿದೆ. ಹೊಸ ವಿಂಡೋಸ್‌ನೊಳಗೆ ಒಂದು ಕಿಟಕಿಯಲ್ಲಿ ಎಕ್ಸ್‌ಪಿಯೋ ವಿಂಡೋಸ್ 7ಓ ಪೂರ್ತಿಯಾಗಿ ಓಡುತ್ತದೆ. ಓರಾಕಲ್‌ನ ವರ್ಚುವಲ್‌ಬಾಕ್ಸ್ ಉಚಿತ. ಯುಎಸ್‌ಬಿ ಲಾಕನ್ನು ಆ ಒಳಗಿನ ವಿಂಡೋಸ್‌ಗೆ ದಾಟಿಸಬಹುದು. ಎರಡು ಎಚ್ಚರಿಕೆ: ಒಳಗೆ ಹಾಕುವ ವಿಂಡೋಸ್‌ಗೂ ಲೈಸೆನ್ಸ್ ಬೇಕು, ಹಳೇ ಪೆಟ್ಟಿಗೆಯ ಜೊತೆ ಬಂದದ್ದು ಆ ಪೆಟ್ಟಿಗೆಗಷ್ಟೇ ಸಲ್ಲುತ್ತದೆ. ಮತ್ತು ಅದಕ್ಕೆ ಇಂಟರ್‌ನೆಟ್ ಕೊಡಬಾರದು. ಬೆಂಬಲ ನಿಂತ ವಿಂಡೋಸ್ ಇಂಟರ್‌ನೆಟ್‌ಗೆ ಬಂದರೆ ಬೇಲಿಯಿಲ್ಲದ ಹೊಲ.

ಹಳೇ ಪೆಟ್ಟಿಗೆ ಇನ್ನೂ ಉಸಿರಾಡುತ್ತಿದ್ದರೆ ಅದನ್ನೇ ಮೂಲೆಯಲ್ಲಿಟ್ಟು, ನೆಟ್ ಕೇಬಲ್ ಕಿತ್ತು, ಮರುಮುದ್ರಣಕ್ಕೆ ಮಾತ್ರ ಬಳಸುವುದೂ ಮರ್ಯಾದಸ್ಥ ಪರಿಹಾರವೇ. ಹರಿಹರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಯಂತ್ರಾಪುರದಲ್ಲಿ ಲೇತ್ ಮಾಡುತ್ತಿತ್ತು. ಕಾರ್ಖಾನೆ ಮುಚ್ಚಿ ಎರಡು ದಶಕ ಕಳೆದರೂ ಊರಿಗೆ ಯಂತ್ರದ ಮರ್ಮ ಗೊತ್ತು. ಸಿಎನ್‌ಸಿ ಯಂತ್ರಗಳ ಲೋಕದಲ್ಲಿ ಎಲ್ಲ ಕಡೆಯೂ ಇದೇ ಪದ್ಧತಿ: ಯಂತ್ರ ಮೂವತ್ತು ವರ್ಷ ಬಾಳುತ್ತದೆ, ಅದಕ್ಕೆ ಪ್ರೋಗ್ರಾಮ್ ಕಳಿಸುವ ಕಂಪ್ಯೂಟರ್ ಅಷ್ಟು ಬಾಳುವುದಿಲ್ಲ. ಆದ್ದರಿಂದ ಸೀರಿಯಲ್ ಪೋರ್ಟ್ ಇರುವ ಹಳೇ ಸಿಪಿಯುವನ್ನು ಯಂತ್ರದ ಬಿಡಿಭಾಗವೆಂದೇ ಎಣಿಸಿ ಜೋಪಾನ ಮಾಡುತ್ತಾರೆ.

ಹೊಸ ಸಿಸ್ಟಮ್‌ಗೂ ಹಳೆಯದಕ್ಕೂ ನೆಟ್‌ವರ್ಕ್ ಸಂಪರ್ಕ ಸಿಗದಿದ್ದರೆ ಗಾಬರಿ ಬೇಡ. ಎಕ್ಸ್‌ಪಿ ಫೈಲು ಹಂಚಿಕೊಳ್ಳಲು ಬಳಸುತ್ತಿದ್ದ ಹಳೇ ಪದ್ಧತಿಯನ್ನು ಹೊಸ ವಿಂಡೋಸ್ 2017ರಿಂದೀಚೆಗೆ ಮುಚ್ಚಿಟ್ಟಿದೆ. ಅದನ್ನು ತೆರೆಯುವ ಬದಲು ಪೆನ್‌ಡ್ರೈವ್‌ನಲ್ಲಿ ಸಾಗಿಸಿ, ವೈರಸ್ ಸ್ಕ್ಯಾನ್ ಮಾಡಿಕೊಳ್ಳುವುದೇ ಮೇಲು.

ಹೊಸ ಕೆಲಸಕ್ಕೆ ಮಾತ್ರ ಪೇಜ್‌ಮೇಕರ್ ಸಾಕು ಮಾಡಬೇಕು. ಹಣ ಕೊಡಲು ಶಕ್ತರಾದವರಿಗೆ ಇನ್‌ಡಿಸೈನ್ ಇದೆ. ಅದು ಈಗ ಯೂನಿಕೋಡ್ ಕನ್ನಡವನ್ನು ಸರಿಯಾಗಿ ಕಟ್ಟುತ್ತದೆ. ಆದರೆ ಪೇಜ್‌ಮೇಕರ್ ಫೈಲುಗಳನ್ನು ನೇರವಾಗಿ ತೆರೆಯುತ್ತಿದ್ದದ್ದು ಸಿಎಸ್6 ಆವೃತ್ತಿಯವರೆಗೆ ಮಾತ್ರ. ಆಮೇಲಿನವು ತೆರೆಯುವುದಿಲ್ಲ. ಹಣ ಬೇಡವೆಂದರೆ ಸ್ಕ್ರೈಬಸ್. ಅದರ 1.6 ಆವೃತ್ತಿ 2024ರ ಜನವರಿಯಲ್ಲಿ ಬಂತು; ಕನ್ನಡದ ಒತ್ತಕ್ಷರಗಳನ್ನು ಜೋಡಿಸಬಲ್ಲದು, ಆಫ್‌ಸೆಟ್‌ಗೆ ಬೇಕಾದ ನಾಲ್ಕು ಬಣ್ಣದ ಪಿಡಿಎಫ್ ಕೊಡಬಲ್ಲದು. ಯೂನಿಕೋಡಿನಲ್ಲಿ ಚೆಂದದ ಫಾಂಟ್ ಇಲ್ಲ ಎಂಬ ಡಿಟಿಪಿಯವರ ದೂರು ಹಿಂದೆ ನಿಜವಾಗಿತ್ತು. ಹಳೇ ಫಾಂಟ್‌ಗಳ ವೈವಿಧ್ಯಕ್ಕೆ ಈಗಲೂ ಸಮನಲ್ಲ, ಒಪ್ಪುತ್ತೇನೆ. ಆದರೂ ಗೂಗಲ್ ಫಾಂಟ್ಸ್‌ನಲ್ಲಿ ನೋಟೊ, ಬಾಲೂ ತಮ್ಮ, ತಿರೊ ಕನ್ನಡ, ಹುಬ್ಬಳ್ಳಿ ಹೀಗೆ ಸಾಕಷ್ಟು ಇವೆ, ಎಲ್ಲ ಪುಕ್ಕಟೆ. ‘ಬೆಣ್ಣೆ’ ಎಂಬ ಹೆಸರಿನದೂ ಒಂದಿದೆ. ದಾವಣಗೆರೆಯವರು ಅದನ್ನು ತಮ್ಮದೆಂದುಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಪಿಡಿಎಫ್ ಮಾಡಿಟ್ಟಿದ್ದೇವೆ, ಸಾಕಲ್ಲ ಎನ್ನುವವರಿಗೆ ಒಂದು ಮಾತು. ಫಾಂಟ್‌ಗಳನ್ನು ಒಳಗೇ ಸೇರಿಸಿ ಮಾಡಿದ ಪಿಡಿಎಫ್ ಎಲ್ಲಿಯಾದರೂ ತೆರೆಯುತ್ತದೆ, ಎಲ್ಲಿಯಾದರೂ ಅಚ್ಚಾಗುತ್ತದೆ. ಅದು ದೊಡ್ಡ ಲಾಭವೇ. ಆದರೆ ಹಳೇ ಫಾಂಟಿನ ಪಿಡಿಎಫ್‌ನಲ್ಲಿ ‘ಭಾನುವಳ್ಳಿ’ ಎಂದು ಹುಡುಕಿದರೆ ಸಿಗದು, ಕಾಪಿ ಮಾಡಿದರೆ ಪೌಂಡು, ಕ್ಯೂ ಎಂದೇ ಬರುತ್ತದೆ. ಫೈಲೇ ಕೆಟ್ಟು ಕೈಯಲ್ಲಿ ಅಚ್ಚಾದ ಪುಸ್ತಕ ಮಾತ್ರ ಉಳಿದಿದ್ದರೆ ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಓದುವ ಓಸಿಆರ್‌ಗೆ ಕೊಡಬಹುದು. ಉಚಿತವಾದ ಟೆಸರಾಕ್ಟ್‌ಗೆ ಕನ್ನಡ ಓದಲು ಬರುತ್ತದೆ. ಸ್ವಚ್ಛ ಅಚ್ಚಿದ್ದರೆ ಕೆಲಸ ಹಗುರ, ಸೈಕ್ಲೊಸ್ಟೈಲ್ ಮಾಡಿದ ಮಸುಕು ಹಾಳೆಯಾದರೆ ಮತ್ತೆ ಟೈಪ್ ಮಾಡುವುದೇ ಬೇಗ.

ಊರಿನ ದೇವಸ್ಥಾನದ ಸ್ಥಳಪುರಾಣ, ಸಹಕಾರ ಸಂಘದ ಸ್ಮರಣ ಸಂಚಿಕೆ, ಮನೆತನದ ವಂಶಾವಳಿ, ಅಜ್ಜ ಬರೆದು ಅಚ್ಚು ಹಾಕಿಸಿದ ವಚನದ ಪುಸ್ತಕ ಇವೆಲ್ಲ ಇವತ್ತು ಯಾವುದೋ ಅಂಗಡಿಯ ಹಳೇ ಹಾರ್ಡ್‌ಡಿಸ್ಕಿನಲ್ಲಿ ಪೇಜ್‌ಮೇಕರ್ ಫೈಲಾಗಿ ಕೂತಿವೆ. ಅವನ್ನು ತಿರುಗಿಸಿಕೊಳ್ಳುವುದನ್ನು ಮುಂದೂಡುವಂತಿಲ್ಲ; ವಿಂಡೋಸ್ 10ಕ್ಕೆ ಮನೆಬಳಕೆದಾರರು ನೋಂದಾಯಿಸಿಕೊಂಡರೆ ಸಿಗುವ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೂ 2026ರ ಅಕ್ಟೋಬರ್ 13 ಗಡುವು ಇಟ್ಟಿದ್ದಾರೆ. ಇನ್ನು ಮುಂದೆ ಅಚ್ಚಿನ ಕೆಲಸ ಕೊಡುವಾಗ ಪುಸ್ತಕದ ಕಟ್ಟಿನ ಜೊತೆ ಯೂನಿಕೋಡ್‌ಗೆ ತಿರುಗಿಸಿದ ಮ್ಯಾಟರನ್ನೂ ಫಾಂಟ್ ಸೇರಿಸಿದ ಪಿಡಿಎಫ್ಫನ್ನೂ ಪೆನ್‌ಡ್ರೈವ್‌ನಲ್ಲಿ ಕೇಳಿ ಪಡೆಯಿರಿ. ತಿರುಗಿಸಿ ಪ್ರೂಫ್ ನೋಡುವುದಕ್ಕೆ ಆಪರೇಟರ್ ನೂರೋ ಇನ್ನೂರೋ ಹೆಚ್ಚಿಗೆ ಕೇಳಿದರೆ ಚೌಕಾಸಿ ಮಾಡದೆ ಕೊಡಿ.